ಊಟದ ನಾರು, ಕರುಳಿನ ಆರೋಗ್ಯ

ಮಲಬದ್ಧತೆಯ ಬಗ್ಗೆ ಮನೆಮಂದಿಯೆದುರು ಬಾಯಿಬಿಟ್ಟು ಹೇಳಿಕೊಳ್ಳುವವರು ವಿರಳ. ಹಿರಿಯರಂತೂ ಸಂಕೋಚದಿಂದ ವರ್ಷಗಟ್ಟಲೆ ಸಹಿಸಿಕೊಂಡು, ರಾತ್ರಿ ಯಾವುದೋ ಚೂರ್ಣ ನುಂಗಿ ಮಲಗುತ್ತಾರೆ. ಚೂರ್ಣದ ಡಬ್ಬಿಗೆ ಕೈಹಾಕುವ ಮೊದಲು ಊಟದ ತಟ್ಟೆಯನ್ನೊಮ್ಮೆ ನೋಡುವುದು ಒಳಿತು.

ನಾರೆಂದರೆ ಸಸ್ಯಾಹಾರದಲ್ಲಿ ನಮ್ಮ ಜೀರ್ಣರಸಗಳಿಗೆ ಬಗ್ಗದ ಭಾಗ. ಅದು ಸಣ್ಣ ಕರುಳನ್ನು ಹೆಚ್ಚುಕಡಿಮೆ ಹಾಗೆಯೇ ದಾಟಿ ದೊಡ್ಡ ಕರುಳನ್ನು ಸೇರುತ್ತದೆ. ಅದರ ಕೆಲಸ ಆರಂಭವಾಗುವುದೇ ಅಲ್ಲಿ. ಗೋಧಿಯ ತೌಡಿನಂತಹ ಒರಟು ನಾರು ನೀರನ್ನು ಹಿಡಿದಿಟ್ಟುಕೊಂಡು ಮಲವನ್ನು ಮೃದುಗೊಳಿಸುತ್ತದೆ. ತಿಣುಕುವ ಪ್ರಮೇಯ ಕಡಿಮೆಯಾಗುತ್ತದೆ. ಕಾಳು, ಹಣ್ಣುಗಳ ಮೃದು ನಾರನ್ನು ಕರುಳಿನಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು ಹುದುಗಿಸಿ ಕೆಲವು ಆಮ್ಲಗಳನ್ನು ಉತ್ಪಾದಿಸುತ್ತವೆ. ಅವುಗಳಲ್ಲೊಂದಾದ ಬ್ಯುಟಿರೇಟ್, ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಆಹಾರ.

ಈ ವಿಷಯಕ್ಕೆ ಲೋಕದ ಗಮನ ಸೆಳೆದವರಲ್ಲಿ ಪ್ರಮುಖರು ಉಗಾಂಡದಲ್ಲಿ ಸೇವೆ ಸಲ್ಲಿಸಿದ ಐರಿಷ್ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ (1911–1993). ಬ್ರಿಟನ್ನಿನಲ್ಲಿ ಸಾಮಾನ್ಯವಾಗಿದ್ದ ಕರುಳಿನ ಬೇನೆಗಳು ಆಫ್ರಿಕದ ಹಳ್ಳಿಗರಲ್ಲಿ ಅಪರೂಪವೆಂಬುದನ್ನು ಗಮನಿಸಿ, 1970ರ ದಶಕದಲ್ಲಿ ಅವರು ನಾರಿನ ಪರವಾಗಿ ವಾದಿಸಿದರು. ಅವರ ಎಲ್ಲ ಮಾತುಗಳೂ ಉಳಿದಿಲ್ಲ. ಆದರೂ 2019ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿದ ವಿಸ್ತೃತ ಅವಲೋಕನವು, ದಿನಕ್ಕೆ 25ರಿಂದ 29 ಗ್ರಾಂ ನಾರು ಸೇವಿಸುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಮತ್ತು ಹೃದ್ರೋಗ ಕಡಿಮೆಯೆಂದು ತೋರಿಸಿತು.

ನಮ್ಮ ಹಳೆಯ ಊಟಕ್ಕೆ ಇದು ಕಷ್ಟದ ಲೆಕ್ಕವಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ, ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲೂ ಮೈದಾದಲ್ಲೂ 3 ಗ್ರಾಂ ಮಾತ್ರ. ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಮೆಂತ್ಯದ ಸೊಪ್ಪು, ಹಸಿ ಸೌತೆಕಾಯಿ ಇದ್ದ ತಟ್ಟೆಗೆ ಬ್ರೆಡ್ಡು, ಬಿಸ್ಕತ್ತು ಬಂದದ್ದರಿಂದ ನಾವು ಕಳೆದುಕೊಂಡದ್ದು ರುಚಿಯೊಂದನ್ನೇ ಅಲ್ಲ. ರೊಟ್ಟಿ ಬಡಿಯುವ ಶ್ರಮ ಯಾರ ಪಾಲಿಗೆ ಬೀಳುತ್ತದೆಂಬುದೂ ನಿಜ. ಗಂಡಸರೂ ಅದನ್ನು ಕಲಿಯಬಾರದೇಕೆ? ಹಿಟ್ಟನ್ನು ಜರಡಿ ಹಿಡಿದು ತೌಡು ಚೆಲ್ಲುವುದನ್ನಾದರೂ ಬಿಡಬಹುದು.

ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರವಾಗುತ್ತದೆ. ಕೆಲವು ವಾರಗಳಲ್ಲಿ ನಿಧಾನವಾಗಿ ಹೆಚ್ಚಿಸುತ್ತ, ಸಾಕಷ್ಟು ನೀರು ಕುಡಿಯಬೇಕು. ಇಸಬಗೋಲನ್ನಂತೂ ನೀರಿಲ್ಲದೆ ಸೇವಿಸಲೇಬಾರದು.

ಮಲದಲ್ಲಿ ರಕ್ತ ಕಂಡಾಗ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ ಸುಮ್ಮನಾಗುವವರು ಬಹಳ. ರಕ್ತಸ್ರಾವ, ಕಾರಣವಿಲ್ಲದೆ ತೂಕ ಇಳಿಯುವುದು, ನಡುವಯಸ್ಸಿನ ನಂತರ ಮಲವಿಸರ್ಜನೆಯ ರೂಢಿ ಬದಲಾಗಿ ಹಾಗೆಯೇ ಉಳಿಯುವುದು, ಇವು ರೊಟ್ಟಿ-ಸೊಪ್ಪಿನಿಂದ ನೀಗುವಂಥವಲ್ಲ. ತಡಮಾಡದೆ ವೈದ್ಯರಲ್ಲಿಗೆ ಹೋಗಿ, ಎಷ್ಟು ದಿನಗಳಿಂದ, ಎಂಥ ಬಣ್ಣದ ರಕ್ತ ಎಂಬುದನ್ನು ನಾಚದೆ ತಿಳಿಸಬೇಕು. ಮನೆಯ ಹಿರಿಯರು ಹೇಳಿಕೊಳ್ಳಲು ಹಿಂಜರಿದರೆ ಮಕ್ಕಳೇ ಕೇಳಬೇಕು.