ಯಾವ ಕೆಲಸ ಯಾವುದಕ್ಕೆ ಕಾಯುತ್ತದೆ?

ಶೇಂಗಾದ ಬೀಜ ಬಿಡಿಸುವುದೂ ಹೊಲ ಹಸನು ಮಾಡುವುದೂ ಏಕಕಾಲದಲ್ಲಿ ನಡೆಯಬಹುದು. ಆದರೆ ಹದಮಳೆಯಾಗದೆ ಬಿತ್ತನೆಯಿಲ್ಲ. ಇದನ್ನು ನಮ್ಮ ಬೆಳುಗುಪ್ಪದ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇದೇ ಅರಿವನ್ನು 1957ರ ಸುಮಾರಿಗೆ ಅಮೆರಿಕದ ಡುಪಾಂಟ್ ಸಂಸ್ಥೆಯವರು ಲೆಕ್ಕಕ್ಕಿಳಿಸಿ ‘ಕ್ರಿಟಿಕಲ್ ಪಾತ್’ ಎಂಬ ಪದ್ಧತಿಯನ್ನು ರೂಪಿಸಿದರು. ಒಂದನ್ನೊಂದು ಕಾಯುವ ಕೆಲಸಗಳ ಸರಪಳಿಗಳಲ್ಲಿ ಅತಿ ದೀರ್ಘವಾದುದೇ ಇಡೀ ಯೋಜನೆಯ ಅವಧಿಯನ್ನು ನಿರ್ಧರಿಸುತ್ತದೆ. ಅದರಲ್ಲಿ ಒಂದು ದಿನ ತಡವಾದರೆ ಒಟ್ಟು ಕಾರ್ಯವೇ ಒಂದು ದಿನ ತಡ. ಈ ಗಣಿತವನ್ನು ಇಂದು ಕಂಪ್ಯೂಟರಿನ ತಂತ್ರಾಂಶಗಳು ಕ್ಷಣಾರ್ಧದಲ್ಲಿ ಮಾಡಿಕೊಡುತ್ತವೆ.

ಆದರೂ ಯೋಜನೆಗಳು ಹಿಂದುಳಿಯುವುದೇಕೆ? 2007-08ರಲ್ಲಿ ಮಂಜೂರಾದ, ಸುಮಾರು 207 ಕಿ.ಮೀ. ಉದ್ದದ ರಾಯದುರ್ಗ–ತುಮಕೂರು ರೈಲುಮಾರ್ಗವನ್ನೇ ನೋಡಿರಿ. ಕಲ್ಯಾಣದುರ್ಗ, ಮಡಕಶಿರಾ, ಪಾವಗಡಗಳ ಸೀಮೆಯನ್ನು ಬೆಸೆಯುವ ಈ ದಾರಿಗಾಗಿ ಗಡಿಯ ಎರಡೂ ಕಡೆಯ ನಮ್ಮ ಕುಟುಂಬಗಳು ವರ್ಷಗಟ್ಟಲೆ ಕಾದು ಕುಳಿತವು. ಭೂಸ್ವಾಧೀನ ನಿಧಾನವಾದುದು ವಿಳಂಬಕ್ಕೆ ಒಂದು ಮುಖ್ಯ ಕಾರಣ. ಭೂಮಿ ದೊರೆಯದೆ ಏರಿಯಿಲ್ಲ, ಏರಿಯಿಲ್ಲದೆ ಹಳಿಯಿಲ್ಲ. ಹೊಲ ಕಳೆದುಕೊಳ್ಳುವವನ ಬಳಿಗೆ ಮೊದಲೇ ಹೋಗಿ, ಅವನ ಅಳಲನ್ನು ಕೇಳಿ, ನ್ಯಾಯವಾದ ಪರಿಹಾರವನ್ನು ಸಕಾಲದಲ್ಲಿ ಕೊಡಿಸುವ ಕೆಲಸ ಯಾವ ತಂತ್ರಾಂಶದಿಂದಲೂ ಆಗದು. ಸಮರ್ಥ ಯೋಜನಾ ನಿರ್ವಾಹಕನ ಹೊಣೆ ಅಲ್ಲಿಂದಲೇ ಆರಂಭವಾಗುತ್ತದೆ.

ನಮ್ಮ ಮಕ್ಕಳಲ್ಲಿ ಕೆಲವರು ಬೆಂಗಳೂರಿಗೆ ಹೋಗಿ ಇಂತಹ ಉದ್ಯೋಗಗಳನ್ನು ಹಿಡಿಯುತ್ತಿದ್ದಾರೆ. ತಂತ್ರಾಂಶವನ್ನು ಅವರು ಅಲ್ಲಿ ಕಲಿಯಲಿ. ಎದುರಿನವರ ಮಾತನ್ನು ತಾಳ್ಮೆಯಿಂದ ಕೇಳುವ ಗುಣವನ್ನೂ, ಕೆಲಸ ತಡವಾಗುವುದೆಂದು ಕಂಡಾಗ ಮುಚ್ಚಿಡದೆ ಮೊದಲೇ ಹೇಳುವ ಧೈರ್ಯವನ್ನೂ ನಾವು ಮನೆಯಲ್ಲಿಯೇ ಕಲಿಸಿ ಕಳುಹಿಸೋಣ.