ಮೂಲೆ ಹಿಗ್ಗದ ಬಟನ್

ದುಂಡು ಮೂಲೆಯ ಬಟನ್ ಚಿತ್ರವೊಂದನ್ನು ಅಡ್ಡಕ್ಕೆ ಎಳೆದು ನೋಡಿ. ಮೂಲೆಗಳು ಚಪ್ಪಟೆಯಾಗಿ ಮೊಟ್ಟೆಯಂತಾಗುತ್ತವೆ. ಅಂಚಿನ ಗೆರೆ ಪಕ್ಕಗಳಲ್ಲಿ ದಪ್ಪ, ಮೇಲೆ ತೆಳು. ‘ಸರಿ’ ಎಂದಿದ್ದ ಕಡೆ ‘ಬದಲಾವಣೆಗಳನ್ನು ಉಳಿಸಿ’ ಎಂದು ಬರೆಯಬೇಕಾದಾಗಲೆಲ್ಲ ಹೊಸ ಚಿತ್ರ ಬಿಡಿಸುತ್ತ ಕೂರಲು ಯಾರಿಗೆ ಪುರುಸೊತ್ತು?

2003ರಲ್ಲಿ ಡಗ್ಲಸ್ ಬೌಮನ್ ಎಂಬ ವೆಬ್ ವಿನ್ಯಾಸಕಾರರು ‘ಸ್ಲೈಡಿಂಗ್ ಡೋರ್ಸ್’ ಎಂಬ ಉಪಾಯ ಬರೆದರು. ಒಂದರ ಬದಲು ಎರಡು ಚಿತ್ರ. ಕಿರಿದಾದದ್ದು ಒಂದು ಮೂಲೆಯನ್ನು ಹಿಡಿದಿರುತ್ತದೆ; ಅಗಲವಾದದ್ದು ಬರಹ ಬೆಳೆದಷ್ಟೂ ಹೊರಗೆ ಕಾಣುತ್ತ ಹೋಗುತ್ತದೆ. ಚಿತ್ರವನ್ನು ಎಳೆಯುವ ಗೊಡವೆಯೇ ಇಲ್ಲ. ಆದರೆ ಅಗಲದ ಚಿತ್ರ ಮುಗಿದಲ್ಲಿಗೆ ಉಪಾಯವೂ ಮುಗಿಯಿತು.

2005ರಲ್ಲಿ ಬಂದ ‘ಫ್ಲ್ಯಾಶ್ 8’ ಎಂಬ ಅನಿಮೇಶನ್ ತಂತ್ರಾಂಶ ಚಿತ್ರವನ್ನು ಒಂಬತ್ತು ಭಾಗ ಮಾಡಿತು. ನಾಲ್ಕು ಮೂಲೆ ಅಲುಗುವುದಿಲ್ಲ. ಮೇಲಿನ, ಕೆಳಗಿನ ಅಂಚು ಅಡ್ಡಕ್ಕೆ ಮಾತ್ರ ಹಿಗ್ಗುತ್ತವೆ, ಪಕ್ಕದವು ಉದ್ದಕ್ಕೆ ಮಾತ್ರ, ನಡುವಿನದು ಎರಡೂ ಕಡೆಗೆ. ಸೀರೆಯನ್ನು ಇನ್ನೆರಡು ಗಜ ಉದ್ದ ನೇಯುವಾಗ ಬೆಳೆಯುವುದು ಒಡಲೇ ಹೊರತು ಸೆರಗಲ್ಲವಲ್ಲ, ಹಾಗೆ. 2008ರಲ್ಲಿ ಐಫೋನ್ ಪ್ರೋಗ್ರಾಮರ್‌ಗಳ ಕೈಗೂ ಇದು ಬಂತು: ಎಡದಿಂದ ಇಷ್ಟು, ಮೇಲಿನಿಂದ ಇಷ್ಟು ಬಿಟ್ಟು ಮುಂದಿನ ಒಂದೇ ಪಿಕ್ಸೆಲನ್ನು ಎಳೆ ಎಂದು ಕೋಡ್‌ನಲ್ಲಿ ಬರೆದರಾಯಿತು. ಕಲಾವಿದ ಮೂಲೆಯನ್ನು ಎರಡು ಪಿಕ್ಸೆಲ್ ದುಂಡಗೆ ಮಾಡಿದರೆ ಮಾತ್ರ ಕೋಡ್ ಬರೆದವರೂ ಅಂಕಿ ತಿದ್ದಬೇಕು.

ಆಂಡ್ರಾಯ್ಡ್ ಆ ಅಂಕಿಗಳನ್ನು ಚಿತ್ರದೊಳಗೇ ಇಟ್ಟಿತು. ನನಗೆ ಇಡೀ ಕತೆಯಲ್ಲಿ ಹೆಚ್ಚು ಮೆಚ್ಚುಗೆಯಾದದ್ದು ಇದೇ. ‘ನೈನ್-ಪ್ಯಾಚ್’ ಚಿತ್ರದ ಸುತ್ತ ಒಂದು ಪಿಕ್ಸೆಲ್ ಅಗಲದ ಹೆಚ್ಚುವರಿ ಅಂಚು. ಅದರಲ್ಲಿ ಮೇಲೆ ಮತ್ತು ಎಡಕ್ಕೆ ಹಾಕಿದ ಕಪ್ಪು ಗೆರೆ ಎಲ್ಲಿ ಹಿಗ್ಗಬೇಕೆಂದು ಹೇಳುತ್ತದೆ; ಕೆಳಗೆ ಮತ್ತು ಬಲಕ್ಕೆ ಹಾಕಿದ್ದು ಬರಹ ಎಲ್ಲಿ ಕೂರಬೇಕೆಂದು. (ಒತ್ತಕ್ಷರ ಕೆಳಗಿಳಿಯುವ ಕನ್ನಡಕ್ಕೆ ಬಲಗಡೆಯ ಗೆರೆಯನ್ನು ಉದಾರವಾಗಿ ಎಳೆಯುವುದು ಮೇಲು.) ಆ್ಯಪ್ ಸಿದ್ಧವಾಗುವಾಗ ಆ ಅಂಚನ್ನು ಕತ್ತರಿಸಿ, ಅದರ ಮಾಹಿತಿಯನ್ನು ಕಡತದೊಳಗೆ ಅಡಗಿಸಿಡಲಾಗುತ್ತದೆ. ಬಳಸುವವರ ಕಣ್ಣಿಗೆ ಗೆರೆ ಬೀಳುವುದೇ ಇಲ್ಲ.

ಎಲ್ಲ ಚಿತ್ರಕ್ಕೂ ಇದು ಒಗ್ಗದು. ಮೇಲಿನಿಂದ ಕೆಳಕ್ಕೆ ಬಣ್ಣ ತಿಳಿಯಾಗುವ ಬಟನ್ ಅಡ್ಡಕ್ಕೆ ಎಷ್ಟು ಹಿಗ್ಗಿದರೂ ಕೆಡುವುದಿಲ್ಲ. ಮರದ ನಾರಿನ ಚಿತ್ರವನ್ನು ಎಳೆದರೆ ಬರೀ ಗೀರು. ಇನ್ನು, ಕೆಳಗಡೆ ನಟ್ಟನಡುವೆ ಕೊಕ್ಕಿರುವ ಮಾತಿನ ಗುಳ್ಳೆ. ಅದರ ನಡುವನ್ನು ಎಳೆದರೆ ಕೊಕ್ಕೇ ಅಗಲವಾಗುತ್ತದೆ. ಅದಕ್ಕೂ ದಾರಿಯಿದೆ: ಮೇಲಿನ ಅಂಚಿನಲ್ಲಿ ಕೊಕ್ಕಿನ ಆಚೆಗೊಂದು, ಈಚೆಗೊಂದು, ಸಮ ಉದ್ದದ ಎರಡು ಗೆರೆ ಹಾಕಬೇಕು.