ಅಪ್‌ಡೇಟ್ ಬರಲಿ, ಮುಂದಿನ ವಾರ ಬರಲಿ

ತಿಂಗಳ ಎರಡನೇ ಮಂಗಳವಾರ ರಾತ್ರಿ ಹತ್ತೂವರೆ. ನಮ್ಮ ಮನೆಗಳಲ್ಲಿ ಊಟ ಮುಗಿದು ಅಡುಗೆಮನೆ ಲೈಟು ಆರಿಸುವ ಹೊತ್ತು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಆಗ ಬೆಳಿಗ್ಗೆ ಹತ್ತು ಗಂಟೆ. ಮೈಕ್ರೋಸಾಫ್ಟ್ ತನ್ನ ಮಾಸಿಕ ವಿಂಡೋಸ್ ಅಪ್‌ಡೇಟ್ ಬಿಡುವುದು ಆ ಗಳಿಗೆಗೆ. ಚಳಿಗಾಲದಲ್ಲಿ ಅಲ್ಲಿನವರು ಗಡಿಯಾರ ಹಿಂದಕ್ಕೆ ತಿರುಗಿಸುವುದರಿಂದ ನಮಗೆ ಅದು ಹನ್ನೊಂದೂವರೆ ಆಗುತ್ತದೆ, ಅಷ್ಟೇ. 2003ರ ಅಕ್ಟೋಬರ್‌ನಿಂದ ನಡೆದುಬಂದಿರುವ ಈ ಪದ್ಧತಿಯನ್ನು ಐಟಿಯವರು ‘ಪ್ಯಾಚ್ ಟ್ಯೂಸ್‌ಡೇ’ ಎನ್ನುತ್ತಾರೆ. ಮಂಗಳವಾರ ಬಂದದ್ದು ಏನಾದರೂ ಎಡವಟ್ಟು ಮಾಡಿದರೂ ಸರಿಪಡಿಸಲು ಶುಕ್ರವಾರದವರೆಗೆ ಸಮಯವಿರುತ್ತದೆ. ಕಚೇರಿಗಳಿಗೆ ಒಪ್ಪುವ ಲೆಕ್ಕ ಇದು. ಮನೆಗೆ ಐಟಿ ವಿಭಾಗ ಎಲ್ಲಿಂದ ಬರಬೇಕು? ಬುಧವಾರ ಬೆಳಿಗ್ಗೆ ಮಗಳ ಪ್ರಾಜೆಕ್ಟ್ ಪ್ರಿಂಟ್ ತೆಗೆಯೋಣವೆಂದು ಕಂಪ್ಯೂಟರ್ ಆನ್ ಮಾಡಿದರೆ ಚುಕ್ಕಿಗಳು ಗಿರಗಿರನೆ ಸುತ್ತುತ್ತಿರುತ್ತವೆ, ಕೆಳಗೆ ಶೇಕಡಾ 30 ಎಂದಿರುತ್ತದೆ, ಗೇಟಿನ ಹೊರಗೆ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುತ್ತಿರುತ್ತದೆ.

ಆ ಶೇಕಡಾ 30 ನೋಡಿ ಗಂಟೆ ಲೆಕ್ಕ ಹಾಕುವುದು ವ್ಯರ್ಥ. ಅದು ಮುಗಿದ ಹಂತಗಳನ್ನು ಹೇಳುತ್ತದೆ, ಉಳಿದ ನಿಮಿಷಗಳನ್ನಲ್ಲ. ಡೌನ್‌ಲೋಡ್ ಮಾಡುವುದು, ಪೊಟ್ಟಣ ಬಿಚ್ಚುವುದು, ಹೊಸ ಫೈಲುಗಳನ್ನು ಸಿ ಡ್ರೈವ್‌ನ ಒಂದು ಗೋದಾಮಿನಲ್ಲಿ ಜೋಡಿಸುವುದು, ಇವೆಲ್ಲ ನಾವು ಕೆಲಸ ಮಾಡುತ್ತಿರುವಾಗಲೇ ಹಿಂದುಗಡೆ ಸದ್ದಿಲ್ಲದೆ ನಡೆದುಹೋಗಿರುತ್ತವೆ. ಕೊನೆಯ ಕೆಲಸವೊಂದೇ ಬಾಕಿ: ಹಳೆಯ ಫೈಲಿನ ಜಾಗಕ್ಕೆ ಹೊಸದನ್ನು ಕೂರಿಸುವುದು. ಬಳಕೆಯಲ್ಲಿರುವ ಫೈಲಿಗೆ ವಿಂಡೋಸ್ ಬೀಗ ಹಾಕಿಟ್ಟಿರುತ್ತದೆ, ಅದನ್ನು ಬದಲಿಸಲು ಬಿಡುವುದಿಲ್ಲ. ಆದ್ದರಿಂದಲೇ ಎಲ್ಲವನ್ನೂ ನಿಲ್ಲಿಸಿ, ರೀಸ್ಟಾರ್ಟ್ ಮಾಡಿ, ಯಾರೂ ಫೈಲು ಮುಟ್ಟುವ ಮೊದಲೇ ಆ ಬದಲಾವಣೆ ಮುಗಿಸಿಕೊಳ್ಳುತ್ತದೆ. ಎಸ್‌ಎಸ್‌ಡಿ ಇದ್ದರೆ ಕೆಲವು ನಿಮಿಷದ ಮಾತು. ಹಳೆಯ ಹಾರ್ಡ್‌ಡಿಸ್ಕ್ ಇರುವ ಲ್ಯಾಪ್‌ಟಾಪಾದರೆ ತಿಂಡಿ ತಿಂದು, ಸ್ನಾನ ಮುಗಿಸಿ ಬಂದರೂ ಅದೇ ಶೇಕಡಾ 30. ಹಾರ್ಡ್‌ಡಿಸ್ಕಿನ ದೀಪ ಮಿಣುಕುತ್ತಿರುವವರೆಗೆ ಸುಮ್ಮನಿರುವುದೇ ಲೇಸು. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದರೆ ಬಹುಪಾಲು ಸಲ ಅದೇ ‘ಬದಲಾವಣೆ ರದ್ದುಪಡಿಸುತ್ತಿದ್ದೇವೆ’ ಎಂದು ಹಿಂದಕ್ಕೆ ಹೋಗುತ್ತದೆ, ಯಾವಾಗಲೂ ಹೋದೀತೆಂಬ ಖಾತರಿಯಿಲ್ಲ. ಕರೆಂಟ್ ಹೋಗಿಬರುವ ಊರಿನಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಇಟ್ಟುಕೊಂಡವರಂತೂ ಮಳೆ-ಗಾಳಿಯ ಸಂಜೆ ಅಪ್‌ಡೇಟಿಗೆ ಕೈಹಾಕಬಾರದು.

ಇಷ್ಟೆಲ್ಲ ರಗಳೆ ಯಾಕೆ, ಪೂರ್ತಿ ಬಂದ್ ಮಾಡಿಬಿಡೋಣ ಎನ್ನುವವರು ಬೇಕಾದಷ್ಟಿದ್ದಾರೆ. ರಿಪೇರಿ ಅಂಗಡಿಯ ಹುಡುಗರು ಇದನ್ನು ಸೇವೆಯೆಂದೇ ಮಾಡಿಕೊಡುತ್ತಾರೆ: ‘ಅಪ್‌ಡೇಟ್ ಆಫ್ ಮಾಡಿದ್ದೀನಿ ಸರ್, ಇನ್ನು ತಲೆನೋವಿಲ್ಲ.’ ವಿಂಡೋಸ್ ಕೂಡ ಕಡಿಮೆಯದಲ್ಲ. ಅಪ್‌ಡೇಟ್ ಸೇವೆಗೆ ಪೆಟ್ಟಾದರೆ ಅದನ್ನು ರಿಪೇರಿ ಮಾಡಲೆಂದೇ ‘ಮೆಡಿಕ್’ ಹೆಸರಿನ ಇನ್ನೊಂದು ಸೇವೆ ಅದರೊಳಗಿದೆ. ಅಂಗಡಿಯವನು ಆಫ್ ಮಾಡುತ್ತಾನೆ, ಮೆಡಿಕ್ ಆನ್ ಮಾಡುತ್ತದೆ, ಮನೆಯವರು ಮತ್ತೆ ಅಂಗಡಿಗೆ ಹೋಗುತ್ತಾರೆ.

ಬಂದ್ ಮಾಡುವುದರ ಬೆಲೆ ಏನೆಂದು ತಿಳಿಯಲು 2017ನ್ನು ನೆನೆದರೆ ಸಾಕು. ಆ ವರ್ಷ ಮಾರ್ಚ್ 14ರಂದು ವಿಂಡೋಸ್‌ನ ಫೈಲು ಹಂಚಿಕೆ ವ್ಯವಸ್ಥೆಯ ಒಂದು ಬಿರುಕನ್ನು ಮುಚ್ಚುವ ಅಪ್‌ಡೇಟ್ ಬಂತು. ಮೇ 12ರಂದು ಅದೇ ಬಿರುಕಿನಿಂದ ವಾನಾಕ್ರೈ ಎಂಬ ಕುತಂತ್ರಾಂಶ ನುಗ್ಗಿತು. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನೇ ಹರಡುತ್ತ, ಫೈಲುಗಳಿಗೆ ಬೀಗ ಜಡಿದು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸು ಕಳಿಸಬೇಕಾಯಿತು. 150ಕ್ಕೂ ಹೆಚ್ಚು ದೇಶಗಳಲ್ಲಿ ಎರಡು ಲಕ್ಷಕ್ಕೂ ಮೀರಿದ ಕಂಪ್ಯೂಟರುಗಳು ಸಿಕ್ಕಿಬಿದ್ದವು. ಬಹುಪಾಲು ವಿಂಡೋಸ್ 7 ಇದ್ದವು, ಅಂದರೆ ಎರಡು ತಿಂಗಳ ಹಿಂದೆಯೇ ಮದ್ದು ಬಂದಿದ್ದೂ ಹಾಕಿಸಿಕೊಳ್ಳದವು.

ಹಾಗಂತ ಬಂದ ರಾತ್ರಿಯೇ ಎದ್ದುಬಿದ್ದು ಹಾಕಿಕೊಳ್ಳಬೇಕೇ? ಖಂಡಿತ ಬೇಡ. ಫಸ್ಟ್ ಡೇ ಫಸ್ಟ್ ಶೋ ಹುಮ್ಮಸ್ಸು ಸಿನಿಮಾಕ್ಕಿರಲಿ. ಇತ್ತೀಚಿನ ವರ್ಷಗಳ ದೊಡ್ಡ ಎಡವಟ್ಟುಗಳ ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಕಾರಣ ತಾನಾಗಿ ಗೊತ್ತಾಗುತ್ತದೆ.

ಮೊದಲನೆಯದು 2018ರ ಅಕ್ಟೋಬರ್‌ನದು. ಆ ತಿಂಗಳ 2ರಂದು ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಬಂತು. ಹಾಕಿಕೊಂಡ ಕೆಲವರು ನೋಡಿದಾಗ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳ ಹಳೆಯ ಫೈಲುಗಳೇ ಮಾಯ. ರೀಸೈಕಲ್ ಬಿನ್ನಿನಲ್ಲೂ ಇಲ್ಲ. ನಡೆದದ್ದಿಷ್ಟು: ಡಾಕ್ಯುಮೆಂಟ್ಸ್‌ನಂಥ ಫೋಲ್ಡರುಗಳನ್ನು ಸಿ ಡ್ರೈವ್‌ನಿಂದ ಬೇರೆ ಡ್ರೈವ್‌ಗೆ ಬದಲಾಯಿಸಿಕೊಳ್ಳುವ ಸೌಲಭ್ಯ ವಿಂಡೋಸ್‌ನಲ್ಲಿದೆ. ಸಿ ತುಂಬದಿರಲೆಂದು ಡಿ ಡ್ರೈವ್‌ಗೆ ಎಲ್ಲ ಸಾಗಿಸುವ ಅಭ್ಯಾಸ ನಮ್ಮ ಅಸೆಂಬಲ್ಡ್ ಕಂಪ್ಯೂಟರಿನವರಿಗೆ ಹೊಸದಲ್ಲ. ಹಾಗೆ ಸಾಗಿಸುವಾಗ ಹಳೆಯ ಫೈಲುಗಳನ್ನು ಅಲ್ಲೇ ಬಿಟ್ಟವರೂ ಇರುತ್ತಾರೆ. ಹಿಂದಿನ ಅಪ್‌ಡೇಟೊಂದು ಇಂಥವರ ಕಂಪ್ಯೂಟರಿನಲ್ಲಿ ಖಾಲಿ ನಕಲು ಫೋಲ್ಡರುಗಳನ್ನು ಹುಟ್ಟಿಸಿತ್ತು. ಜನ ದೂರಿದರು. ಸರಿ, ಅವನ್ನು ಗುಡಿಸಿಹಾಕೋಣವೆಂದು ಹೊಸ ಅಪ್‌ಡೇಟಿನಲ್ಲಿ ಒಂದಿಷ್ಟು ಕೋಡ್ ಸೇರಿಸಿದರು. ಅದು ಖಾಲಿ ಇರದ ಹಳೆಯ ಫೋಲ್ಡರನ್ನೂ ಒಳಗಿದ್ದ ಫೈಲುಗಳ ಸಮೇತ ಗುಡಿಸಿತು. ದೂರಿತ್ತವರ ಪ್ರಮಾಣ ಶೇಕಡಾ 0.01 ಮಾತ್ರ ಎಂದು ಮೈಕ್ರೋಸಾಫ್ಟ್ ಹೇಳಿಕೊಂಡಿತು. ಮಗುವಿನ ಮೊದಲ ವರ್ಷದ ಫೋಟೋಗಳೆಲ್ಲ ಹೋದವರ ಪಾಲಿಗೆ ಅದು ನೂರಕ್ಕೆ ನೂರು. ಸಿಟ್ಟು ಬರಿಸುವ ಸಂಗತಿ ಇನ್ನೊಂದು: ಅಪ್‌ಡೇಟ್ ಬಿಡುವ ಮೊದಲೇ ಪರೀಕ್ಷಾ ಆವೃತ್ತಿ ಬಳಸುತ್ತಿದ್ದ ಸ್ವಯಂಸೇವಕರು ಫೈಲು ಅಳಿಸಿಹೋದದ್ದನ್ನು ಬರೆದು ಕಳಿಸಿದ್ದರು. ಬೆರಳೆಣಿಕೆಯಷ್ಟು ಜನರ ದೂರು ಕಂತೆಯಲ್ಲಿ ಹೂತುಹೋಯಿತು. ಅಪ್‌ಡೇಟನ್ನು ತಡೆದದ್ದು ಅಕ್ಟೋಬರ್ 6ರಂದು, ನಾಲ್ಕು ದಿನಕ್ಕೆ. ಸರಿಪಡಿಸಿ ಮತ್ತೆ ಬಿಟ್ಟದ್ದು ನವೆಂಬರ್ 13ಕ್ಕೆ.

ಎರಡನೆಯದು 2021ರ ಮಾರ್ಚ್ 9ರದು. ಪ್ರಿಂಟ್ ಎಂದು ಒತ್ತಿದ ಕೂಡಲೇ ಕೆಲವು ಕಂಪನಿಗಳ ಪ್ರಿಂಟರು ಇದ್ದವರ ಪರದೆ ನೀಲಿಯಾಗಿ ಕಂಪ್ಯೂಟರೇ ಬಿದ್ದುಹೋಗುತ್ತಿತ್ತು. ತುರ್ತು ಪರಿಹಾರ 15ರಂದು ಬಂತು. ಆರು ದಿನ.

ಮೂರನೆಯದು 2025ರ ಅಕ್ಟೋಬರ್ 14ರದು. ಕಂಪ್ಯೂಟರ್ ಕೆಟ್ಟಾಗ ಸರಿಪಡಿಸಿಕೊಳ್ಳಲೆಂದು ವಿಂಡೋಸ್ ಒಳಗೆ ಒಂದು ಪುಟ್ಟ ರಿಕವರಿ ಪರದೆ ಇರುತ್ತದೆ. ಆ ತಿಂಗಳ ವಿಂಡೋಸ್ 11 ಅಪ್‌ಡೇಟ್ ಹಾಕಿಕೊಂಡವರಿಗೆ ಆ ಪರದೆಯಲ್ಲಿ ಯುಎಸ್‌ಬಿ ಕೀಬೋರ್ಡೂ ನಡೆಯಲಿಲ್ಲ, ಮೌಸೂ ನಡೆಯಲಿಲ್ಲ. ಮಾಮೂಲು ಡೆಸ್ಕ್‌ಟಾಪಿನಲ್ಲಿ ಎರಡೂ ಸರಿಯಾಗಿಯೇ ಇದ್ದವು, ತೀರಾ ಬೇಕಾದ ಕಡೆ ಮಾತ್ರ ಸತ್ತಿದ್ದವು. ಗುಂಡಗಿನ ಪಿನ್ನಿನ ಹಳೇ ಕಾಲದ ಪಿಎಸ್/2 ಕೀಬೋರ್ಡನ್ನು ಅಟ್ಟದ ಮೇಲೆ ಎತ್ತಿಟ್ಟವರು ಬಚಾವಾದರು. ಪರಿಹಾರ 20ನೇ ತಾರೀಕು ಬಂತು. ಮತ್ತೆ ಆರು ದಿನ.

ಮೂರು ಸಲವೂ ಒಂದು ವಾರ ಸುಮ್ಮನಿದ್ದವರಿಗೆ ಏನೂ ಆಗಲಿಲ್ಲ. ಅವಸರದವರ ಕಂಪ್ಯೂಟರುಗಳೇ ಪ್ರಯೋಗಶಾಲೆ, ಅವರ ಗೋಳೇ ಫಲಿತಾಂಶ. ಸ್ವಾರ್ಥದ ಮಾತೆನಿಸಬಹುದು. ಆದರೆ ದುಡ್ಡು ಕೊಟ್ಟು ಕೊಂಡ ಮನೆಯ ಕಂಪ್ಯೂಟರನ್ನು ಪ್ರಯೋಗಕ್ಕೆ ಒಡ್ಡುವ ಋಣ ನಮಗ್ಯಾರಿಗೂ ಇಲ್ಲ.

ಕಾಯುವ ದಾರಿ ಸೆಟ್ಟಿಂಗ್ಸ್‌ನೊಳಗೇ ಇದೆ. ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಪಾಜ್ ಎಂಬ ಆಯ್ಕೆ. ಒಂದು ವಾರದಿಂದ ಐದು ವಾರದವರೆಗೆ ತಡೆಯಬಹುದು. 35 ದಿನ ಕಳೆದ ಮೇಲೆ ಬಾಕಿಯೆಲ್ಲ ಹಾಕಿಕೊಂಡೇ ಮತ್ತೆ ತಡೆಯಲು ಬಿಡುತ್ತದೆ. ವಿಂಡೋಸ್ 10 ಹೋಮ್ ಬಳಸುವವರಿಗೆ ಈ ಸ್ವಾತಂತ್ರ್ಯ ಸಿಕ್ಕಿದ್ದು 2019ರ ಮೇ ಅಪ್‌ಡೇಟಿನ ನಂತರ. ಅದಕ್ಕೆ ಮೊದಲ ನಾಲ್ಕು ವರ್ಷ, ದುಡ್ಡು ಹೆಚ್ಚು ಕೊಟ್ಟು ಪ್ರೊ ಕೊಂಡವರಿಗೆ ಮಾತ್ರ ಕಾಯುವ ಹಕ್ಕಿತ್ತು. ಎರಡನೇ ಮಂಗಳವಾರಕ್ಕೆ ಮುಂಚೆ ಒಂದು ವಾರದ ಪಾಜ್ ಒತ್ತಿ, ಅದು ತೀರಿದ ಶನಿವಾರ ಬೆಳಿಗ್ಗೆ ಬಿಡುವಾಗಿ ಹಾಕಿಕೊಂಡರಾಯಿತು. ಅದೇ ಪುಟದಲ್ಲಿ ‘ಹೊಸ ಅಪ್‌ಡೇಟ್ ಬಂದ ಕೂಡಲೇ ಕೊಡು’ ಎಂಬರ್ಥದ ಒಂದು ಸ್ವಿಚ್ ಇದೆ. ಅದನ್ನು ಆಫ್ ಇಡಿ. ತಿಂಗಳ ಕೊನೆಯಲ್ಲಿ ‘ಪ್ರಿವ್ಯೂ’ ಎಂಬ ಬಾಲದೊಂದಿಗೆ ಬರುವುದು ಮುಂದಿನ ತಿಂಗಳದ್ದರ ತಾಲೀಮು. ಅದು ಐಚ್ಛಿಕ, ಮುಟ್ಟದಿದ್ದರೆ ನಷ್ಟವಿಲ್ಲ. ಬ್ರೌಸರಿನ ಅಪ್‌ಡೇಟಿಗೆ ಮಾತ್ರ ಈ ಒಂದು ವಾರದ ವಾಯಿದೆ ಅನ್ವಯಿಸುವುದಿಲ್ಲ. ಮನೆಯ ಕಂಪ್ಯೂಟರಿಗೆ ಹೊರಗಿನ ಗಾಳಿ ಹೆಚ್ಚು ಬಡಿಯುವುದು ಆ ಕಿಟಕಿಯಿಂದ. ಕ್ರೋಮ್, ಫೈರ್‌ಫಾಕ್ಸ್ ಕೇಳಿದ ತಕ್ಷಣ ಹಾಕಿಕೊಳ್ಳುವುದೇ ಸರಿ.

ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಕೆಲಸ ಮಾಡುವವರು ಆ ಸಂಪರ್ಕವನ್ನು ‘ಮೀಟರ್ಡ್’ ಎಂದು ಗುರುತಿಸಿಟ್ಟರೆ ದಿನದ ಡೇಟಾ ಉಳಿಯುತ್ತದೆ. ರಾತ್ರಿ ‘ಅಪ್‌ಡೇಟ್ ಮಾಡಿ ಶಟ್‌ಡೌನ್’ ಒತ್ತಿ ಮಲಗಿದರೆ ಬೆಳಿಗ್ಗೆ ಫ್ಯಾನು ಸದ್ದು ಮಾಡುತ್ತ ಕಂಪ್ಯೂಟರ್ ಎದ್ದೇ ಇರುತ್ತಿದ್ದುದು ಅನೇಕರ ಅನುಭವ. ಅದು ಭ್ರಮೆಯಲ್ಲ, ವರ್ಷಗಟ್ಟಲೆ ಉಳಿದಿದ್ದ ದೋಷ. 2025ರ ಅಕ್ಟೋಬರ್ ಕೊನೆಯಲ್ಲಿ ವಿಂಡೋಸ್ 11ಕ್ಕೆ ಅದರ ಪರಿಹಾರ ಬಂತು.

ಒಂದು ವಾರದ ಉಪಾಯ ಎಲ್ಲಕ್ಕೂ ಸಾಲದು. 2024ರ ಜನವರಿಯಲ್ಲಿ ಬಂದ ವಿಂಡೋಸ್ 10ರ ಒಂದು ಅಪ್‌ಡೇಟ್ ರಿಕವರಿ ವಿಭಾಗದಲ್ಲಿ 250 ಎಂಬಿ ಖಾಲಿ ಜಾಗ ಬೇಡುತ್ತಿತ್ತು. ಹಳೆಯ ಕಂಪ್ಯೂಟರುಗಳಲ್ಲಿ ಅಷ್ಟು ಜಾಗ ಎಲ್ಲಿ? ಜಾಗವಿಲ್ಲ ಎಂದು ನೆಟ್ಟಗೆ ಹೇಳುವ ಬದಲು 0x80070643 ಎಂಬ ಸಂಖ್ಯೆ ತೋರಿಸಿ ಸೋಲುತ್ತಿತ್ತು, ಮರುದಿನ ಮತ್ತೆ ಬರುತ್ತಿತ್ತು, ಮತ್ತೆ ಸೋಲುತ್ತಿತ್ತು. ಕಂಪನಿ ಕೊಟ್ಟ ಪರಿಹಾರವೆಂದರೆ ಕಮಾಂಡ್ ಟೈಪ್ ಮಾಡಿ ಡಿಸ್ಕಿನ ವಿಭಾಗವನ್ನು ನೀವೇ ಹಿಗ್ಗಿಸಿಕೊಳ್ಳಿ ಎಂಬುದು. ನಿವೃತ್ತ ಮೇಷ್ಟ್ರೊಬ್ಬರು ಮನೆಯಲ್ಲಿ ಕುಳಿತು ಮಾಡುವ ಕೆಲಸವೇ ಅದು? ಒಂದು ಅಕ್ಷರ ತಪ್ಪಿದರೆ ಡಿಸ್ಕೇ ಹೋದೀತು. ಇಂಥ ಕಡೆ ಸೋಲುವ ಅಪ್‌ಡೇಟನ್ನು ಸೋಲಲು ಬಿಟ್ಟು, ಉಳಿದವು ಸರಿಯಾಗಿ ಬರುತ್ತಿವೆಯೇ ಎಂದು ನೋಡಿಕೊಂಡರೆ ಸಾಕು.

ಕೆಟ್ಟ ಮೇಲೆ ಏನು? ಕಂಪ್ಯೂಟರ್ ಡೆಸ್ಕ್‌ಟಾಪಿನವರೆಗೂ ಬಾರದಿದ್ದರೆ, ಶುರುವಾಗುತ್ತಿರುವಾಗಲೇ ಪವರ್ ಬಟನ್ ಒತ್ತಿ ಹಿಡಿದು ಆರಿಸುವುದನ್ನು ಎರಡು ಮೂರು ಸಲ ಮಾಡಿದರೆ ರಿಕವರಿ ಪರದೆ ತಾನೇ ಎದುರಾಗುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಎಂದು ಒಳಗೆ ಹೋದರೆ ಎರಡು ಬಾಗಿಲು: ಕ್ವಾಲಿಟಿ, ಅಂದರೆ ಮಾಸಿಕ, ಫೀಚರ್, ಅಂದರೆ ವರ್ಷದ ದೊಡ್ಡದು. ಮಾಸಿಕದ್ದನ್ನೇ ಮೊದಲು ತೆಗೆದು ನೋಡಬೇಕು. ದೊಡ್ಡದನ್ನು ಹಿಂದಿರುಗಿಸಲು ಹತ್ತು ದಿನದ ಗಡುವಿದೆ. ಹಳೆಯ ವಿಂಡೋಸ್ ಅಷ್ಟು ದಿನ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರಿನಲ್ಲಿ ಕೂತಿರುತ್ತದೆ. ಜಾಗ ಉಳಿಸುವ ಹುರುಪಿನಲ್ಲಿ ಅದನ್ನು ಅಳಿಸಿದರೆ ಹಿಂದಿರುಗುವ ದಾರಿಯೂ ಅಳಿಯಿತು.

ಇದಕ್ಕೆಲ್ಲ ಮುಂಚೆ ಒಂದು ಸಂಖ್ಯೆ ಕೈಯಲ್ಲಿರಬೇಕು. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕನ್ನು ಬಿಟ್‌ಲಾಕರ್ ಗುಪ್ತಲಿಪಿಯಲ್ಲಿ ಇಟ್ಟಿರುತ್ತದೆ, ಎಷ್ಟೋ ಜನರಿಗೆ ಅದು ಆನ್ ಆಗಿರುವುದೇ ಗೊತ್ತಿರುವುದಿಲ್ಲ. 2024ರ ಜುಲೈ ಅಪ್‌ಡೇಟ್ ಹಾಕಿಕೊಂಡ ಕೆಲವರ ಕಂಪ್ಯೂಟರ್ ಆನ್ ಆಗುತ್ತಲೇ 48 ಅಂಕಿಗಳ ಕೀ ಕೇಳಿತು. ಪರಿಹಾರ ಬಂದದ್ದು ಆಗಸ್ಟ್‌ನಲ್ಲಿ. ಆ ಕೀ ಸಾಮಾನ್ಯವಾಗಿ ಅವರವರ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯವನೇ ಯಾವುದೋ ಇಮೇಲ್ ಸೃಷ್ಟಿಸಿ ಲಾಗಿನ್ ಮಾಡಿಕೊಟ್ಟಿದ್ದರೆ, ಆ ಖಾತೆಯ ಪಾಸ್‌ವರ್ಡ್ ಇವತ್ತೇ ಹುಡುಕಿ, ಕೀಯನ್ನು ಕಾಗದದಲ್ಲಿ ಬರೆದು ಪಾಸ್‌ಬುಕ್ ಜೊತೆ ಇಡಿ. ಕೀ ಇಲ್ಲದ ಡಿಸ್ಕನ್ನು ಯಾವ ಅಂಗಡಿಯವನೂ ಬಿಚ್ಚಲಾರ, ಫಾರ್ಮ್ಯಾಟ್ ಹೊಡೆಯಬಲ್ಲ, ಅಷ್ಟೇ.

ಎಲ್ಲದಕ್ಕೂ ಅಪ್‌ಡೇಟಿನ ತಲೆಗೇ ಕಟ್ಟುವುದೂ ನ್ಯಾಯವಲ್ಲ. 2025ರ ಆಗಸ್ಟ್ ಅಪ್‌ಡೇಟ್ ಎಸ್‌ಎಸ್‌ಡಿಗಳನ್ನು ಸುಡುತ್ತಿದೆಯೆಂದು ಜಪಾನಿನಿಂದ ಹೊರಟ ಸುದ್ದಿ ವಾಟ್ಸ್‌ಆ್ಯಪ್ ವೇಗದಲ್ಲಿ ಹಬ್ಬಿತು. ಎಸ್‌ಎಸ್‌ಡಿ ಚಿಪ್ ತಯಾರಿಸುವ ಫೈಸನ್ ಕಂಪನಿ 4,500 ಗಂಟೆಗೂ ಹೆಚ್ಚು ಪರೀಕ್ಷೆ ನಡೆಸಿತು, ದೋಷ ಮರುಕಳಿಸಲಿಲ್ಲ. ಮೈಕ್ರೋಸಾಫ್ಟಿಗೂ ನಂಟು ಸಿಗಲಿಲ್ಲ. ಸಾಯುವ ಡಿಸ್ಕು ಅಪ್‌ಡೇಟ್ ದಿನವೇ ಸತ್ತರೆ ಅಪವಾದ ಯಾರಿಗೆಂದು ಹೇಳಬೇಕಿಲ್ಲ.

ಕನ್ನಡಿಗರಿಗೆಂದೇ ಒಂದು ಸಣ್ಣ ಕಿರಿಕಿರಿಯೂ ಇದೆ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಜೊತೆಗಿದ್ದ ತುಂಗಾ ಫಾಂಟ್ ವಿಂಡೋಸ್ 10ರಿಂದ ಐಚ್ಛಿಕ ಸಾಲಿಗೆ ಸರಿದಿದೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಸೇರಿಸದಿದ್ದರೆ ಅದು ಬರುವುದಿಲ್ಲ. ತುಂಗಾದಲ್ಲಿ ಜೋಡಿಸಿದ ಹಳೆಯ ಲಗ್ನಪತ್ರಿಕೆಯನ್ನೋ ಸಂಘದ ವರದಿಯನ್ನೋ ತೆರೆದರೆ ಅಕ್ಷರಗಳು ನಿರ್ಮಲಾ ಫಾಂಟಿಗೆ ಬದಲಾಗಿ, ಸಾಲುಗಳು ಕದಲಿ, ಒಂದು ಪುಟ ಒಂದೂಕಾಲು ಪುಟವಾಗಿರಬಹುದು. ಕಡತ ಕೆಟ್ಟಿಲ್ಲ. ಆಪ್ಷನಲ್ ಫೀಚರ್ಸ್‌ನಲ್ಲಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಹುಡುಕಿ ಸೇರಿಸಿದರೆ ತುಂಗಾ ವಾಪಸು.

ಇನ್ನು ವಿಂಡೋಸ್ 10ರಲ್ಲೇ ಉಳಿದವರದು. ಅದರ ಉಚಿತ ಅಪ್‌ಡೇಟ್ ನಿಂತದ್ದು, ಕೀಬೋರ್ಡ್ ಸಾಯಿಸಿದ ಆ ಅಪ್‌ಡೇಟ್ ಬಂದ ದಿನವೇ, 2025ರ ಅಕ್ಟೋಬರ್ 14. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆಯ ಅಥವಾ ನಂತರದ ಪ್ರೊಸೆಸರ್ ಬೇಕು. 2016-17ರಲ್ಲಿ ಕೊಂಡ ಚೆನ್ನಾಗಿಯೇ ಓಡುವ ಕಂಪ್ಯೂಟರುಗಳು ಇದರಿಂದ ಹೊರಗುಳಿದವು. ಅವರಿಗಾಗಿ 2026ರ ಅಕ್ಟೋಬರ್ 13ರವರೆಗಿನ ಒಂದು ವರ್ಷದ ಹೆಚ್ಚುವರಿ ಭದ್ರತಾ ಯೋಜನೆ ಪ್ರಕಟವಾಯಿತು. 30 ಡಾಲರ್ ಕೊಡಬಹುದು, ಅಥವಾ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಒಪ್ಪಿಕೊಂಡರೆ ದುಡ್ಡಿಲ್ಲದೆಯೂ ಸೇರಬಹುದು. ಅಂಥ ಒಂದು ಕಂಪ್ಯೂಟರ್ ಮನೆಯಲ್ಲಿದ್ದರೆ ಅದರಲ್ಲಿ ಬ್ಯಾಂಕ್ ವ್ಯವಹಾರ ನಿಲ್ಲಿಸಿ, ಫೋಟೋಗಳನ್ನು ಹೊರಗಿನ ಡಿಸ್ಕಿಗೆ ಸಾಗಿಸಿ, ಲಿನಕ್ಸ್ ಮಿಂಟ್ ಹಾಕಿಸಿ ನೋಡುವುದು ನನ್ನ ಸಲಹೆ. ಯೂನಿಕೋಡ್ ಕನ್ನಡ ಅದರಲ್ಲೂ ಚೆನ್ನಾಗಿ ಮೂಡುತ್ತದೆ. ಅದಕ್ಕೂ ಅಪ್‌ಡೇಟ್ ಬರುತ್ತದೆ. ಬಂದಿದೆ ಎಂದು ಮೂಲೆಯಲ್ಲಿ ಒಂದು ಚಿಹ್ನೆ ತೋರಿಸುತ್ತದೆ, ಹಾಕಿಕೊಳ್ಳುವುದು ಯಾವಾಗ ಎಂಬುದನ್ನು ಕೂತವರಿಗೇ ಬಿಡುತ್ತದೆ.